ಬ್ಯಾಕ್ಲೋಫೆನ್ ಪಂಪ್: ಒಂದು ಬ್ಯಾಟರಿ ಮುಗಿದ್ಮೇಲೆ ಬರೀತಿರೋ ರಿವ್ಯೂ

ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದ್ರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ. ಕಾಲು ಕತ್ತರಿ ಹಾಕ್ಕೊಂಡು ಸೆಟೆದುಬಿಡೋದು, ಪ್ಯಾಂಟ್ ಹಾಕ್ಸೋಕೇ ಇಬ್ರು ಬೇಕಿತ್ತು. ಬಿಗಿತ ಸಡಿಲಿಸೋ ಬ್ಯಾಕ್ಲೋಫೆನ್ ಮಾತ್ರೆ ಡೋಸ್ ಏರ್ಸಿದಷ್ಟೂ ಬರೀ ತೂಕಡಿಕೆ, ಬಿಗಿತ ಮಾತ್ರ ಹಂಗೇ. ಹೊಟ್ಟೆ ಚರ್ಮದ ಕೆಳಗೆ ಕೂರಿಸೋ ಈ ಪಂಪ್ ಅದೇ ಔಷಧಿನ ಸಣ್ಣ ಟ್ಯೂಬಲ್ಲಿ ಬೆನ್ನುಹುರಿ ಸುತ್ತ ಇರೋ ದ್ರವಕ್ಕೇ ನೇರ ಬಿಡುತ್ತೆ, ಅದಕ್ಕೇ ಲೆಕ್ಕ ಮಿಲಿಗ್ರಾಮಲ್ಲಿ ಅಲ್ಲ, ಮೈಕ್ರೋಗ್ರಾಮಲ್ಲಿ. ಮೊದ್ಲು ಬೆನ್ನಿಗೆ 50 ಮೈಕ್ರೋಗ್ರಾಮ್ ಇಂಜೆಕ್ಷನ್ ಕೊಟ್ಟು ಟೆಸ್ಟ್ ಮಾಡಿದ್ರು, ಮಧ್ಯಾಹ್ನದೊಳ್ಗೆ ತೊಡೆ ಸಲೀಸಾಗಿ ಅಗಲಿಸೋಕಾಯ್ತು, ನಮ್ಮನೆಯವ್ರು ಅಲ್ಲೇ ಹೂಂ ಅಂದ್ಬಿಟ್ರು.

ಹಾಕ್ಸಿದ್ಮೇಲೆ ನಿದ್ದೆ, ಸ್ನಾನ, ವೀಲ್‌ಚೇರಲ್ಲಿ ಕೂರೋದು ಎಲ್ಲಾ ಸುಧಾರಿಸ್ತು. ಆದ್ರೆ ಕಾಲಿಗಾದಷ್ಟು ಗುಣ ಕೈಗಿಲ್ಲ, ಮೊದ್ಲೇ ಕುಗ್ಗಿಹೋಗಿದ್ದ ಹಿಮ್ಮಡಿ ಸ್ನಾಯು ಸರಿಹೋಗ್ಲಿಲ್ಲ. ಡೋಸ್ ಜಾಸ್ತಿ ಆದ್ರೆ ಸೊಂಟಾನೇ ನಿಲ್ಲಲ್ಲ, ಹದ ಸಿಗೋಕೆ ತಿಂಗಳುಗಟ್ಲೆ ಹಿಡೀತು, ಫಿಸಿಯೋಥೆರಪಿ ಅಂತೂ ಬಿಡೋ ಹಂಗಿಲ್ಲ.

ನಿಜವಾದ ಕಷ್ಟ ರೀಫಿಲ್ಲು, ಅಂದ್ರೆ ಪಂಪಿಗೆ ಮತ್ತೆ ಔಷಧಿ ತುಂಬ್ಸೋದು ಕಣ್ರಿ. ಹಾಸನದಿಂದ ಬೆಂಗ್ಳೂರಿಗೇ ಹೋಗ್ಬೇಕು, ಮದುವೆ ಇರ್ಲಿ ಹಾಸನಾಂಬೆ ಬಾಗಿಲು ತೆಗ್ದಿರ್ಲಿ ಆ ಡೇಟು ತಪ್ಪೋ ಹಂಗಿಲ್ಲ. ಹೊಟ್ಟೆ ಚರ್ಮದ ಮೇಲಿಂದ್ಲೇ ಪಂಪಿನ ನಡುಮಧ್ಯಕ್ಕೆ ಸೂಜಿ ಚುಚ್ಚಿ ಉಳಿದಿದ್ದ ಔಷಧಿ ಎಳೀತಾರೆ, ಎಷ್ಟು ಎಂಎಲ್ ಬಂತು ಅಂತ, ಇಷ್ಟು ಉಳಿದಿರ್ಬೇಕು ಅಂತ ಸ್ಕ್ರೀನಲ್ಲಿರೋ ನಂಬರ್ ಜೊತೆ ತಾಳೆ ನೋಡ್ತಾರೆ, ನಾನೂ ಇಣುಕ್ತೀನಿ, ಯಾಕಂದ್ರೆ ಎರಡೂ ಹೊಂದಲಿಲ್ಲ ಅಂದ್ರೆ ಪಂಪೋ ಟ್ಯೂಬೋ ಕೈ ಕೊಡ್ತಿದೆ ಅಂತ ಅನುಮಾನ ಪಡ್ಬೇಕು.

ಒಂದ್ಸಲ ಅಪಾಯಿಂಟ್‌ಮೆಂಟ್ ಕೊಟ್ಟಿದ್ದ ಆಸ್ಪತ್ರೆಯವ್ರೇ "ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ" ಅಂತ ವಾಪಸ್ ಕಳಿಸಿದ್ರು. ಅಷ್ಟ್ರಲ್ಲಿ ಔಷಧಿ ಖಾಲಿಯಾಗ್ತಿದೆ ಅಂತ ಹೊಟ್ಟೆಯೊಳ್ಗಿನ ಪಂಪಿಂದ ಬೀಪ್ ಬೀಪ್ ಶುರು, ಆಮೇಲೆ ಮೈಯೆಲ್ಲ ತುರಿಕೆ, ಗಂಧೆ ಒಂದೂ ಇಲ್ಲ, ರಾತ್ರಿಯೊಳ್ಗೆ ಜ್ವರ ಬಂದು ಕಾಲು ಮೊದ್ಲಿಗಿಂತ ಬಿಗಿಯಾಯ್ತು. ಈ ಔಷಧಿ ದಿಢೀರ್ ನಿಂತ್ರೆ ಪ್ರಾಣಕ್ಕೇ ಕುತ್ತು, ಊರಿನ ಕ್ಯಾಶುವಾಲ್ಟಿಲಿ ಅದನ್ನ ವಿವರಿಸೋಷ್ಟ್ರಲ್ಲಿ ಸಾಕುಸಾಕಾಯ್ತು. ಈಗ ಪಂಪ್ ಕಾರ್ಡ್, ಡೋಸ್ ಶೀಟ್, ಬ್ಯಾಕ್ಲೋಫೆನ್ ಮಾತ್ರೆ ಮೂರೂ ಒಂದೇ ಪೌಚಲ್ಲಿ, ಅವನ ವೀಲ್‌ಚೇರಿಗೇ ನೇತಾಡ್ತಿರುತ್ತೆ.

ಬ್ಯಾಟರಿ 4ರಿಂದ 7 ವರ್ಷ ಅಂತಾರೆ, ಬರೀ ಬ್ಯಾಟರಿ ಬದಲಾಯ್ಸೋಕಾಗಲ್ಲ, ಪೂರ್ತಿ ಪಂಪನ್ನೇ ತೆಗ್ದು ಹೊಸದು ಹಾಕ್ಬೇಕು, ಅಂದ್ರೆ ಮತ್ತೆ ಆಪರೇಷನ್ನು, ಮತ್ತೆ ಲಕ್ಷಗಟ್ಲೆ ದುಡ್ಡು. ಈ ಖರ್ಚನ್ನ ಮೊದ್ಲೇ ಬಾಯಿಬಿಟ್ಟು ಹೇಳೋರು ಕಮ್ಮಿ. ಆದ್ರೂ ನಾವು ಎರಡನೇದು ಹಾಕ್ಸಿದ್ವಿ, ಸ್ಟಾರ್ ಕೇಳಿದ್ರೆ ಪಂಪಿಗೆ ನಾಲ್ಕು, ರೀಫಿಲ್ ವ್ಯವಸ್ಥೆಗೆ ಎರಡೇ. ಹಾಕ್ಸೋರು ಸರ್ಜನ್ ಯಾರು ಅಂತ ಕೇಳೋಕ್ ಮುಂಚೆ, ಔಷಧಿ ಸ್ಟಾಕ್ ಯಾರು ನೋಡ್ಕೋತಾರೆ ಅಂತ ಕೇಳಿ ಅವರ ಮೊಬೈಲ್ ನಂಬರ್ ತಗೊಳ್ಳಿ.