ಚುಚ್ಚದ ಬ್ರಾ ಹುಡುಕಿಕೊಂಡು ದಾದರ್‌ವರೆಗೆ

ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ. ಡೊಂಬಿವಲಿಯಲ್ಲಿ ಹತ್ತಿದ ಮುಂಬೈ ಲೋಕಲ್ ರೈಲು ಠಾಣೆ ಊರು ದಾಟುವಷ್ಟರಲ್ಲಿ ಬೆನ್ನಿನ ಎಡಗಡೆ ಏನೋ ಚುಚ್ಚಲು ಶುರುವಾಯಿತು. ಲೇಡೀಸ್ ಡಬ್ಬಿಯಲ್ಲಿ ಕೈ ಎತ್ತುವಷ್ಟೂ ಜಾಗ ಇರಲಿಲ್ಲ. ಘಾಟ್ಕೋಪರ್ ಬರುವ ಹೊತ್ತಿಗೆ ಪಕ್ಕದವರು ಆಡುತ್ತಿದ್ದ ಮಾತು ಕಿವಿಗೆ ಬೀಳುತ್ತಿರಲಿಲ್ಲ. ನನ್ನ ಪಾಲಿಗೆ ಆ ಒಂದು ಚುಕ್ಕೆ ಬಿಟ್ಟರೆ ಬೇರೇನೂ ಇರಲಿಲ್ಲ. ದಾದರ್‌ನಲ್ಲಿ ಇಳಿದು, ಸ್ಟೇಷನ್ನಿನ ಟಾಯ್ಲೆಟ್‌ಗೆ ಹೋಗಿ ಬ್ರಾ ಬಿಚ್ಚಿ ಒಳಮೈ ನೋಡಿದೆ. ಲೇಬಲ್ ಕತ್ತರಿಸಿ ತೆಗೆದಿದ್ದ ಜಾಗದಲ್ಲಿ ಒಂದು ನೈಲಾನ್ ದಾರದ ತುದಿ ಉಳಿದಿತ್ತು. ಮೀನಿನ ಗಾಳದ ದಾರದಂತೆ ಗಟ್ಟಿ, ಅರ್ಧ ಅಕ್ಕಿಕಾಳಿನಷ್ಟೂ ಉದ್ದವಿಲ್ಲ. ಅದನ್ನು ನೋಡಿ ಅಲ್ಲೇ ನಿಂತು ಅತ್ತೆ. ಆವತ್ತು ಆಫೀಸಿಗೆ ಹೋಗಲಿಲ್ಲ.

ಇದನ್ನು ಓದಿ "ಇಷ್ಟಕ್ಕೆ ಅಳೋದಾ" ಎನ್ನುವವರು ಇರುತ್ತಾರೆ. ಅವರಿಗೆ ಈ ಬರಹದಿಂದ ಹೆಚ್ಚು ಉಪಯೋಗವಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ ಮೊದಲು ಹುಕ್ ಬಿಚ್ಚುವವರು, ಕಪಾಟಿನಲ್ಲಿ ಹನ್ನೊಂದು ಬ್ರಾ ಇದ್ದರೂ ಒಂದೇ ಹಳೆಯದನ್ನು ಒಗೆದು ಒಗೆದು ಹಾಕುವವರು ಇದ್ದೀರಲ್ವಾ, ನಿಮಗಾಗಿ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ಚಿಕ್ಕವಳಿದ್ದಾಗ ಶಾಲೆಯ ಯೂನಿಫಾರ್ಮಿನ ಕಾಲರು, ಸಾಕ್ಸಿನ ತುದಿಯ ಹೊಲಿಗೆ, ಜರಿ ಲಂಗ, ಎಲ್ಲಕ್ಕೂ ಅಳುತ್ತಿದ್ದೆ. "ಏನ್ ರಗಳಿ ಈ ಹುಡುಗೀದು" ಎನ್ನುತ್ತಿದ್ದಳು ಅವ್ವ. ಅವಳನ್ನು ದೂರುವುದಿಲ್ಲ, ಆಗ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಗಳಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ, ಠಾಣೆಯಲ್ಲಿ ಅವಳ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವವರು, ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಲೇಬಲ್ ಚುಚ್ಚುತ್ತದಾ? ಒದ್ದೆ ಬಟ್ಟೆ ಹಿಂಸೆಯಾಗುತ್ತದಾ? ಯಾರಾದರೂ ಮೆಲ್ಲಗೆ ಮುಟ್ಟಿದರೆ ಬೆಚ್ಚುತ್ತಾಳಾ? ಪ್ರತಿಯೊಂದಕ್ಕೂ ಹೌದು ಎಂದೆ. ಅರ್ಧ ಉತ್ತರ ನನ್ನ ಬಗ್ಗೆಯೇ ಹೇಳುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು. ಇಂಥ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ನೋಡುವ ಡಿಎಸ್‌ಎಂ-5 ಎಂಬ ಕೈಪಿಡಿ 2013ರಲ್ಲಿ ಬಂತು. ಸ್ಪರ್ಶ, ಸದ್ದು, ಬೆಳಕು ಅತಿಯಾಗಿ ತಾಗುವುದನ್ನೂ ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿದ್ದು ಅದರಲ್ಲೇ. ಆ ಹೊತ್ತಿಗೆ ನಾನು ಮದುವೆಯಾಗಿ ಮುಂಬೈಗೆ ಬಂದು ವರ್ಷಗಳಾಗಿದ್ದವು. ಆಟಿಸಂ ಇಲ್ಲದವರಿಗೂ ಚರ್ಮ ಹೀಗೆ ಸೂಕ್ಷ್ಮವಾಗಿರಬಹುದು ಎಂದು ಆ ಥೆರಪಿಸ್ಟೇ ಹೇಳಿದರು. ನನ್ನದು ಯಾವುದು ಎಂದು ಇನ್ನೂ ಪರೀಕ್ಷೆ ಮಾಡಿಸಿಲ್ಲ. ಆದರೆ ಇದು ರಗಳೆ ಅಲ್ಲ ಎಂಬುದಂತೂ ಗೊತ್ತಾಯಿತು.

ಅವರು ಹೇಳಿದ ಇನ್ನೊಂದು ಮಾತು ನನ್ನ ಬ್ರಾ ಹುಡುಕಾಟವನ್ನೇ ಬದಲಿಸಿತು. ಇಂಥವರಲ್ಲಿ ಅನೇಕರಿಗೆ ಹಗುರವಾಗಿ ತಾಗಿ ತಾಗಿ ಸರಿಯುವ ಸ್ಪರ್ಶ ಹಿಂಸೆ ಕೊಡುತ್ತದೆ. ಗಟ್ಟಿಯಾಗಿ, ಸಮನಾಗಿ ಒತ್ತಿ ಹಿಡಿದರೆ ಸಮಾಧಾನ ಸಿಗುತ್ತದೆ. ನಾನು ಅಲ್ಲಿಯವರೆಗೆ ಉಲ್ಟಾ ಯೋಚಿಸಿದ್ದೆ. ಚುಚ್ಚುತ್ತದೆ ಎಂದು ಪ್ರತಿಸಲ ಸಡಿಲವಾದದ್ದನ್ನೇ ತರುತ್ತಿದ್ದೆ. ಅದು ನಡೆದಾಗಲೆಲ್ಲ ಬೆನ್ನ ಮೇಲೆ ಏರುತ್ತಿತ್ತು, ಕೈ ಎತ್ತಿದರೆ ಮೇಲೆ ಸರಿಯುತ್ತಿತ್ತು, ಪಟ್ಟಿ ಭುಜದಿಂದ ಜಾರುತ್ತಿತ್ತು. ದಿನಕ್ಕೆ ನೂರು ಸಲ ಆ ಸಣ್ಣ ಉಜ್ಜಾಟ.

ಆಗ ನನ್ನ ಅಜ್ಜಿ ನೆನಪಾದಳು. ಅಜ್ಜಿ ಜನ್ಮದಲ್ಲಿ ಬ್ರಾ ಹಾಕಿದವಳಲ್ಲ. ಗುಳೇದಗುಡ್ಡ ಖಣದ ಕುಬಸ, ಎದೆಯ ಕೆಳಗೆ ಎರಡು ತುದಿ ಎಳೆದು ಬಿಗಿಯಾಗಿ ಗಂಟು. ಎಲಾಸ್ಟಿಕ್ ಇಲ್ಲ, ಲೇಬಲ್ ಇಲ್ಲ, ಬೆನ್ನಲ್ಲಿ ಹುಕ್ ಇಲ್ಲ. ಎಷ್ಟು ಬಿಗಿ ಬೇಕೋ ಅಷ್ಟನ್ನು ಅವಳೇ ದಿನಾ ಬೆಳಿಗ್ಗೆ ಕಟ್ಟಿಕೊಳ್ಳುತ್ತಿದ್ದಳು. ಭಾರ ಹೊರುತ್ತಿದ್ದದ್ದು ಆ ಕೆಳಗಿನ ಗಂಟೇ. ಬ್ರಾದಲ್ಲೂ ಅಷ್ಟೇ. ಹೆಚ್ಚಿನ ಭಾರ ಕೆಳಪಟ್ಟಿ ಹೊರಬೇಕು, ಭುಜದ ಪಟ್ಟಿ ಸುಮ್ನೆ ಜೊತೆಗಿರಬೇಕು. ನಮ್ಮಲ್ಲಿ ಹೆಚ್ಚಿನವರು ಭುಜದಿಂದಲೇ ಎಲ್ಲ ಎಳೆದು ಕಟ್ಟುತ್ತೇವೆ.

ಈಗ ಅಂಗಡಿಯ ವಿಷಯ. ದಾದರ್ ವೆಸ್ಟ್‌ನಲ್ಲಿ ರಾನಡೆ ರೋಡಿನಿಂದ ಒಳಕ್ಕೆ ಒಂದು ಓಣಿ. ಫಾಲ್-ಪಿಕೋ ಮಾಡುವವರ, ಲೇಸು ಗುಂಡಿ ಮಾರುವವರ ನಡುವೆ ಒಂದು ಸಣ್ಣ ಅಂಗಡಿ. ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಮತ್ತು ಅವರ ಸೊಸೆ, ಇಬ್ಬರೇ ನಡೆಸುತ್ತಾರೆ. ಹೆಸರು ಬರೆಯಬಹುದಾ ಎಂದು ಕೇಳಿದೆ. "ಬೇಡಮ್ಮ, ಜನ ಜಾಸ್ತಿಯಾದರೆ ಹೀಗೆ ಒಬ್ಬೊಬ್ಬರಿಗೆ ಹೊತ್ತು ಕೊಡೋಕಾಗಲ್ಲ" ಎಂದರು. ಹಾಗಾಗಿ ಬರೆಯುವುದಿಲ್ಲ. ಆದರೆ ಅವರು ಮಾಡಿದ್ದನ್ನು ಬರೆಯುತ್ತೇನೆ. ನಿಮ್ಮ ಊರಿನ ಅಂಗಡಿಯಲ್ಲಿ ನೀವೂ ಹೀಗೆ ಕೇಳಬಹುದು.

ಮೊದಲು ಸೈಜ್ ಕೇಳಲಿಲ್ಲ. ಏನು ತೊಂದರೆ ಎಂದು ಕೇಳಿದರು. ನಮ್ಮ ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಕೌಂಟರಿನ ಆಚೆಯಿಂದ ಒಬ್ಬ ಗಂಡಸು ಕಣ್ಣಲ್ಲೇ ಅಳೆದು "38 ಬಿ" ಎಂದು ಜೋರಾಗಿ ಕೂಗಿದ್ದ. ಏಳು ವರ್ಷ ಅದನ್ನೇ ಹಾಕಿದ್ದೆ. ಮಾವಶಿ ಅಳತೆಯ ಟೇಪನ್ನು ನನ್ನ ಕೈಗೇ ಕೊಟ್ಟರು. "ನಾನು ಮುಟ್ಟೋದು ಬೇಡ ಅಂದ್ರೆ ನೀವೇ ಹಿಡೀರಿ, ನಾನು ನೋಡಿ ಹೇಳ್ತೀನಿ." ಉಸಿರು ಹೊರಗೆ ಬಿಟ್ಟು, ಎದೆಯ ಕೆಳಗೆ ನೆಲಕ್ಕೆ ಸಮನಾಗಿ ಒಂದು ಸುತ್ತು: 34 ಇಂಚು. ಎದೆಯ ತುಂಬಿದ ಭಾಗದಲ್ಲಿ ಇನ್ನೊಂದು ಸುತ್ತು: 38. ವ್ಯತ್ಯಾಸ 4 ಇಂಚು. ಮೊದಲ ಅಳತೆ ಪಟ್ಟಿಯ ಸಂಖ್ಯೆ, ವ್ಯತ್ಯಾಸದಿಂದ ಕಪ್‌ನ ಅಕ್ಷರ: ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅಂದರೆ ನನ್ನದು 34 ಡಿ.

ಡಿ ಎಂದ ಕೂಡಲೇ ಗಾಬರಿಯಾಯಿತು. ಮಾವಶಿ ಬಿಡಿಸಿ ಹೇಳಿದರು. 38 ಬಿ, 36 ಸಿ, 34 ಡಿ ಮೂರರಲ್ಲೂ ಕಪ್‌ನ ಜಾಗ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಪಟ್ಟಿಯ ಸುತ್ತಳತೆ. ಕಪ್ ಸರಿ ಕೂರುತ್ತಿತ್ತು ಎಂಬ ಕಾರಣಕ್ಕೇ ಇಷ್ಟು ವರ್ಷ ನನಗೆ ತಪ್ಪು ಗೊತ್ತಾಗಿರಲಿಲ್ಲ. ಪಟ್ಟಿ ಮಾತ್ರ 4 ಇಂಚು ಸಡಿಲ.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಒಂದೊಂದು ಬ್ರಾವನ್ನೂ ಒಳಗು ಹೊರಗು ಮಾಡಿ ಕೌಂಟರಿನ ಮೇಲೆ ಇಟ್ಟರು. "ಮುಂದಿನ ಭಾಗ ನೋಡೋದು ಬಿಡಿ, ನಿಮ್ಮ ಮೈಗೆ ತಾಗೋದು ಇದು." ಬೆರಳಿನಿಂದ ಹೊಲಿಗೆಗಳ ಮೇಲೆ ನಿಧಾನವಾಗಿ ಎಳೆದರು. ಎಲ್ಲಿ ದಾರದ ಗಂಟು ಸಿಕ್ಕಿತೋ ಅಲ್ಲಿ ನಿಲ್ಲಿಸಿ ತೋರಿಸಿದರು. ಆಮೇಲೆ ಕೆಳಪಟ್ಟಿಯ ಎಲಾಸ್ಟಿಕ್ ಅನ್ನು ನನ್ನ ಮೊಣಕೈಯ ಒಳಮಡಿಕೆಯಲ್ಲಿ ಇಟ್ಟು ಕೈ ಮಡಚಲು ಹೇಳಿದರು. ಅಂಗೈಗೆ ಮೆತ್ತಗೆ ಅನ್ನಿಸಿದ್ದ ಒಂದು ಲೇಸಿನ ಪಟ್ಟಿ ಅಲ್ಲಿ ಉಪ್ಪುಕಾಗದದಂತೆ ಕೆರೆಯಿತು. ಇನ್ನೊಂದರ ಎಲಾಸ್ಟಿಕ್‌ಗೆ ಒಳಗಡೆ ಸಣ್ಣ ನವಿರು ಇತ್ತು, ಹಳೆಯ ಫ್ಲಾನೆಲ್ ಬಟ್ಟೆಯಂತೆ. ಅದನ್ನು ಇಟ್ಟಿದ್ದೇ ಗೊತ್ತಾಗಲಿಲ್ಲ. ಈಗ ಯಾವ ಅಂಗಡಿಗೆ ಹೋದರೂ ನನ್ನ ಮೊದಲ ಪರೀಕ್ಷೆ ಇದೇ.

ಪರದೆಯ ಹಿಂದೆ ಹಾಕಿ ನೋಡಲು ಬಿಡುತ್ತಾರೆ. ನಮ್ಮದೇ ತೆಳು ಸ್ಲಿಪ್ ಮೇಲೆ ಹಾಕಬೇಕು, ಅಷ್ಟೇ ಷರತ್ತು. ಇದು ಎಷ್ಟು ದೊಡ್ಡ ಮಾತು ಎಂದು ಕೊಂಡವರಿಗೆ ಗೊತ್ತು. ಎಷ್ಟೋ ಕಡೆ ಒಳಉಡುಪಿಗೆ ಟ್ರಯಲ್ಲೂ ಇಲ್ಲ, ವಾಪಸ್ಸೂ ಇಲ್ಲ. ಆನ್‌ಲೈನಿನಲ್ಲಿ ಒಂದು ಕಡೆ 1,200 ರೂಪಾಯಿ ಕೊಟ್ಟು ತರಿಸಿದ್ದು ಮೊದಲ ದಿನವೇ ಚುಚ್ಚಿತು. ವಾಪಸ್ ತಗೊಳ್ಳಲಿಲ್ಲ. ನನ್ನ ಕಪಾಟಿನ ಹನ್ನೊಂದರಲ್ಲಿ ಅದೂ ಒಂದು.

ಕೊರತೆಯನ್ನೂ ಹೇಳಬೇಕು. ಪರದೆಯ ಹಿಂದೆ ಫ್ಯಾನ್ ಇಲ್ಲ, ಸೆಕೆ. ತಲೆಯ ಮೇಲೆ ಟ್ಯೂಬ್‌ಲೈಟ್ ಗುಂಯ್ ಎನ್ನುತ್ತದೆ. ಸಂಜೆ ಊದುಬತ್ತಿ ಹಚ್ಚುತ್ತಾರೆ, ವಾಸನೆ ತಡೆಯದವರಿಗೆ ಆ ಹೊತ್ತು ಕಷ್ಟ. ಡಿಗಿಂತ ದೊಡ್ಡ ಕಪ್ ಬೇಕೆಂದರೆ ಎರಡೋ ಮೂರೋ ಮಾದರಿ ಅಷ್ಟೇ ಸಿಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಜನ ಕಡಿಮೆ, ಆಗ ಹೋಗಿ.

ಅಲ್ಲಿಂದ ನಾಲ್ಕು ಬಗೆ ತಂದು ಮಳೆಗಾಲ ಪೂರ್ತಿ ಹಾಕಿ ನೋಡಿದೆ. ಕಂಪನಿಗಳ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಒಂದೇ ಕಂಪನಿಯ ಒಂದು ಮಾದರಿ ಬೆಣ್ಣೆಯಂತಿರುತ್ತದೆ, ಇನ್ನೊಂದು ಮುಳ್ಳು. ಬಟ್ಟೆ, ಹೊಲಿಗೆ, ಎಲಾಸ್ಟಿಕ್ ನೋಡಿ ತಗೊಳ್ಳುವುದೇ ಸರಿ.

ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್ ಬಟ್ಟೆಯ, ಹುಕ್ಕಿಲ್ಲದ ಬ್ರಾಲೆಟ್ ಕೈಗೆ ಅದ್ಭುತವಾಗಿತ್ತು. ಆದರೆ ಎತ್ತಿ ಹಿಡಿಯುವುದಿಲ್ಲ. ಎದೆಯ ಕೆಳಗೆ ಚರ್ಮಕ್ಕೆ ಚರ್ಮ ತಾಗಿ, ಬೆವರಿ, ಒಂದು ಗಂಟೆಯಲ್ಲಿ ಸಾಕಾಯಿತು. ಮನೆಯಲ್ಲಿ ಮಲಗುವಾಗ ಮಾತ್ರ ಹಾಕುತ್ತೇನೆ. ಒಳಗೆ ಒಂದೂ ಹೊಲಿಗೆ ಇಲ್ಲದ, ಅಚ್ಚಿನಲ್ಲಿ ಒತ್ತಿದ ಪ್ಯಾಡೆಡ್ ಬ್ರಾ ಏಸಿ ಆಫೀಸಿನಲ್ಲಿ ಒಳ್ಳೆಯದು, ಲೋಕಲ್‌ನಲ್ಲಿ ಅಲ್ಲ. ಆ ಫೋಮ್ ಬೆವರು ಆರಲು ಬಿಡುವುದಿಲ್ಲ. ಸ್ಪೋರ್ಟ್ಸ್ ಬ್ರಾದ ಬಿಗಿತ ನನಗೆ ನಿಜವಾಗಿಯೂ ಇಷ್ಟವಾಯಿತು, ಯಾರೋ ಗಟ್ಟಿಯಾಗಿ ಅಪ್ಪಿಕೊಂಡಂತೆ ಮನಸ್ಸು ಶಾಂತವಾಗುತ್ತದೆ. ಆದರೆ ಮಳೆಯಲ್ಲಿ ನೆಂದು ಬಂದ ದಿನ ತಲೆಯ ಮೇಲಿಂದ ತೆಗೆಯುವಾಗ ತೋಳಿನಲ್ಲಿ ಸಿಕ್ಕಿಕೊಂಡಿತು. ಒದ್ದೆ ಬಟ್ಟೆ ಮುಖದ ಮೇಲೆ, ಎರಡೂ ಕೈ ಮೇಲೆ. ಉಸಿರು ಕಟ್ಟಿದಂತಾಗಿ ಕೂಗಿದೆ, ಇವರು ಓಡಿ ಬಂದು ಬಿಡಿಸಿದರು. ಮತ್ತೆ ಹಾಕಿಲ್ಲ. ಬೇಕೇ ಬೇಕೆಂದರೆ ಮುಂದೆ ಬಿಚ್ಚುವಂಥದ್ದನ್ನು ತಗೊಳ್ಳಿ.

ಗೆದ್ದದ್ದು ನೋಡಲು ಬಹಳ ಸಾದಾ ಇರುವಂಥದ್ದು. ವೈರ್ ಇಲ್ಲ, ಪ್ಯಾಡ್ ಇಲ್ಲ, ಹತ್ತಿಗೆ ಸ್ವಲ್ಪ ಲೈಕ್ರಾ, ಅಂದರೆ ಎಳೆದರೆ ಹಿಗ್ಗುವ ನೂಲು, ಸೇರಿಸಿದ ಬಟ್ಟೆ. ಕಪ್ ಪೂರ್ತಿ ಮುಚ್ಚುತ್ತದೆ, ಎರಡು ಪದರ ಇದೆ, ಹೊಲಿಗೆಗಳೆಲ್ಲ ಆ ಎರಡು ಪದರದ ನಡುವೆ ಅಡಗಿವೆ. ಕೆಳಪಟ್ಟಿ ಎರಡು ಬೆರಳು ಅಗಲ, ಒಳಗಡೆ ನವಿರು. ಹಿಂದೆ ಮೂರು ಹುಕ್, ಹುಕ್ಕಿನ ಕೆಳಗೆ ಮೆತ್ತನೆ ಬಟ್ಟೆಯ ತುಂಡು. ಸೈಜ್ ಲೇಬಲ್ ಇಲ್ಲ, ಬಟ್ಟೆಯ ಮೇಲೇ ಅಚ್ಚು ಹಾಕಿದೆ. 549 ರೂಪಾಯಿ. ಭುಜದ ಪಟ್ಟಿಯ ಲೋಹದ ಕೊಂಡಿ ಮಾತ್ರ ತೊಂದರೆ ಕೊಡುತ್ತಿತ್ತು, ಬ್ಯಾಗಿನ ಪಟ್ಟಿ ಅದರ ಮೇಲೆಯೇ ಕೂರುತ್ತಿತ್ತು. ನಮ್ಮ ಬಿಲ್ಡಿಂಗಿನ ಕೆಳಗೆ ಹೊಲಿಯುವ ಕಾಕೂ ಕೊಂಡಿ ತೆಗೆದು, ನನ್ನ ಅಳತೆಗೆ ಪಟ್ಟಿಯನ್ನೇ ಹೊಲಿದು ಕೊಟ್ಟರು. 30 ರೂಪಾಯಿ.

ಹೊಸದನ್ನು ಹಾಕುವಾಗ ಅತಿ ಸಡಿಲವಾದ, ಕೊನೆಯ ಹುಕ್ಕಿನಲ್ಲಿ ಸರಿಯಾಗಿ ಕೂರಬೇಕು. ಎಲಾಸ್ಟಿಕ್ ದಿನ ಕಳೆದಂತೆ ಸಡಿಲವಾಗುತ್ತದೆ, ಆಗ ಒಳಗಿನ ಹುಕ್ಕಿಗೆ ಬರಬಹುದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಮೊದಲ ವಾರ 34 ನನಗೆ ಬಿಗಿ ಅನ್ನಿಸಿತು, ಪಟ್ಟಿಯನ್ನು ಉದ್ದ ಮಾಡುವ ಹುಕ್ ಎಕ್ಸ್‌ಟೆಂಡರ್ ಹಾಕಿಕೊಂಡೆ, ಆಮೇಲೆ ಬೇಕಾಗಲಿಲ್ಲ. ಒಂದು ಸಲವಾದರೂ ಒಗೆಯದೆ ಹಾಕಬೇಡಿ, ಹೊಸ ಬಟ್ಟೆಯ ಗಂಜಿಯೇ ಕೆರೆಯುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ವಾಸನೆಯ ಕಂಫರ್ಟ್ ನೀರು ಬಿಟ್ಟುಬಿಟ್ಟೆ. ಬಿಸಿನೀರು, ಡ್ರೈಯರ್ ಎರಡೂ ಎಲಾಸ್ಟಿಕ್ ಹಾಳುಮಾಡುತ್ತವೆ. ಲೇಬಲ್ ಇದ್ದರೆ ಕತ್ತರಿಯಿಂದ ಕತ್ತರಿಸಬೇಡಿ. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆಯಿಂದ ಒಂದೊಂದೇ ಟಾಕಿ ಎತ್ತಿ, ದಾರ ಪೂರ್ತಿ ಎಳೆದು ತೆಗೆಯಿರಿ.

ಸೆಪ್ಟೆಂಬರಿನಲ್ಲಿ ಮಗಳನ್ನೂ ಕರೆದುಕೊಂಡು ಹೋದೆ. ಅವಳಿಗೆ ಹದಿಮೂರು. ಶಾಲೆಯಲ್ಲಿ ಬಿಳಿ ಶರ್ಟು, ಏನಾದರೂ ಹಾಕಲೇಬೇಕು. ಮನೆಯಲ್ಲಿ ಹಿಂದೆ ತಂದಿದ್ದ ಮೂರನ್ನೂ ಅವಳು ಹಾಸಿಗೆಯ ಕೆಳಗೆ ತಳ್ಳಿದ್ದಳು. ಮಾವಶಿ ಅವಳ ಜೊತೆ ಮಾತಾಡಲೇ ಇಲ್ಲ, ಅದು ಅವಳಿಗೆ ಇಷ್ಟವಾಯಿತು. ಸುಮ್ನೆ ಐದಾರು ಬ್ರಾ ಒಳಗು ಹೊರಗು ಮಾಡಿ ಮುಂದಿಟ್ಟು, ಬೇರೆ ಕೆಲಸ ನೋಡುತ್ತಾ ನಿಂತರು. ಇಪ್ಪತ್ತು ನಿಮಿಷ ಮುಟ್ಟಿ ಮುಟ್ಟಿ ನೋಡಿದಳು. ಮೊಣಕೈಯಲ್ಲಿ ಇಟ್ಟುಕೊಂಡಳು, ಕೆನ್ನೆಗೆ ಒತ್ತಿಕೊಂಡಳು. ಕೊನೆಗೆ ಒಂದನ್ನು ಹಿಡಿದು, "ಅಮ್ಮ, ಇದನ್ನ ಹೀಗೇ ಹಾಕ್ಲಾ? ಹೊಲಿಗೆ ಹೊರಗಡೆ ಇರ್ಲಿ" ಎಂದಳು.

ನಲವತ್ತು ದಾಟಿದ ನನಗೆ ಈ ಉಪಾಯ ಒಮ್ಮೆಯೂ ಹೊಳೆದಿರಲಿಲ್ಲ. ಶರ್ಟಿನ ಕೆಳಗೆ ಯಾರಿಗೆ ಕಾಣುತ್ತದೆ? ಹಾಕಿಕೋ ಎಂದೆ. ಅದೇ ಮಾದರಿಯವು ಮೂರು ತಂದೆವು. ಮುಂಬೈ ಮಳೆಯಲ್ಲಿ ಹತ್ತಿ ಒಣಗಲು ಎರಡು ದಿನ ಬೇಕು, ಅವಳು ಸ್ವಲ್ಪ ತೇವವಿದ್ದರೂ ಹಾಕುವುದಿಲ್ಲ. ಈಗ ಒಂದು ಮೈಮೇಲೆ, ಒಂದು ಕಪಾಟಿನಲ್ಲಿ, ಒಂದು ಹಾಲಿನ ಫ್ಯಾನಿನ ಕೆಳಗೆ ಕುರ್ಚಿಯ ಬೆನ್ನಿಗೆ, ಉಲ್ಟಾ.