ಈ ಮಾಡ್‌ನಲ್ಲಿ ಮಿಗ್-3ನ ಯಾಕಿಷ್ಟು ಮೇಲೆ ಕೂರಿಸಿದಾರೋ ಗೊತ್ತಿಲ್ಲ

ಮೂರು ವಾರದಿಂದ ರಾತ್ರಿ ಊಟ ಆದ್ಮೇಲೆ ಇದೇ ಕೆಲ್ಸ. ಎರಡನೇ ಮಹಾಯುದ್ಧದ ಸ್ಟ್ರಾಟಜಿ ಗೇಮ್ ಒಂದಕ್ಕೆ ಯಾರೋ ಪುಣ್ಯಾತ್ಮ ಸೋವಿಯತ್ ವಿಮಾನಗಳ ಮಾಡ್ (ಗೇಮ್‌ಗೆ ಆಡೋರೇ ಮಾಡ್ಕೊಳ್ಳೋ ಬದಲಾವಣೆ) ಮಾಡಿ ಫ್ರೀಯಾಗಿ ಬಿಟ್ಟಿದಾನೆ, ಅದನ್ನ ಹಾಕ್ಕೊಂಡು 1941ರ ಜೂನ್‌ನಿಂದ ಆಡ್ತಾ ಇದೀನಿ. ಹೆಸರು ಬರಿಯಲ್ಲ, ಒಂದು ಪೈಸೆ ತಗೊಳ್ದೆ ಮಾಡಿರೋನ ಮರ್ಯಾದೆ ಯಾಕೆ ತೆಗೀಬೇಕು.

ನೋಡೋಕೆ ಮಾತ್ರ ಕಣ್ಣಿಗೆ ಹಬ್ಬ. ಮೊಂಡು ಮೂಗಿನ ಐ-16 ಫೈಟರ್ ಎಷ್ಟು ಚೆನ್ನಾಗಿ ಬಂದಿದೆ ಅಂದ್ರೆ ಮ್ಯಾಪ್ ಜೂಮ್ ಮಾಡ್ಕೊಂಡು ಸುಮ್ನೆ ನೋಡ್ತಾ ಕೂತ್ಬಿಟ್ಟಿದ್ದೆ. ಚಳಿಗಾಲ ಬಂದ್ರೆ ವಿಮಾನಕ್ಕೆಲ್ಲ ಬಿಳಿ ಬಣ್ಣ ಬಳೀತಾರೆ, ಮಾರ್ಚ್ ಹೊತ್ತಿಗೆ ಆ ಬಿಳಿ ಅಲ್ಲಲ್ಲಿ ಕಿತ್ಕೊಂಡು ಕೆಳಗಿನ ಹಸಿರು ಇಣುಕುತ್ತೆ, ನಿಜವಾಗ್ಲೂ ಹಂಗೇ ಇತ್ತು, ತೊಳೆದ್ರೆ ಹೋಗೋ ಬಣ್ಣ ಅದು. ಇಷ್ಟೆಲ್ಲ ಮಾಡಿದೋನು 1941ರ ವಿಮಾನದ ಮೇಲೆ ಬಿಳಿ ಅಂಚಿನ ಕೆಂಪು ನಕ್ಷತ್ರ ಹಾಕಿದಾನೆ! ಅದು ಎಲ್ಲಾ ಕಡೆ ಬಂದಿದ್ದು 1943ರಲ್ಲಿ. ಇರ್ಲಿ, ಅದು ಬರೀ ಬಣ್ಣದ ವಿಷ್ಯ.

ನನ್ನ ಜಗಳ ಇರೋದು ಮಿಗ್-3 ಬಗ್ಗೆ. ನಮ್ಗೆಲ್ಲ ಮಿಗ್ ಅಂದ್ರೆ ಮಿಗ್-21 ನೆನಪಾಗೋದು, ಇದು ಆ ಮನೆತನದ ಹಿರಿ ತಲೆ. ಮಾಡ್‌ನಲ್ಲಿ 1941ಕ್ಕೆ ಇದನ್ನ ಬಿಟ್ರೆ ಬೇರೆ ಫೈಟರ್ ಕಟ್ಟೋದೇ ದಂಡ ಅನ್ನೋ ಥರ ಇದೆ, ಎರಡು ಸ್ಕ್ವಾಡ್ರನ್ ಬಿಟ್ರೆ ಸ್ಮೋಲೆನ್ಸ್ಕ್ ಮೇಲೆ ಜರ್ಮನ್ನರ ವಿಮಾನ ಒಂದೂ ಉಳಿಯಲ್ಲ. ಯಾಕಪ್ಪಾ ಅಂತ ಫೈಲ್ ತೆಗ್ದು ನೋಡಿದ್ರೆ ವೇಗ ಗಂಟೆಗೆ 640 ಕಿಲೋಮೀಟರ್ ಅಂತ ಹಾಕ್ಬಿಟ್ಟಿದಾರೆ. 640 ಸುಳ್ಳಲ್ಲ ಮಾರಾಯ್ರೇ, ಆದ್ರೆ ಅದು ಏಳೂವರೆ ಎಂಟು ಕಿಲೋಮೀಟರ್ ಎತ್ತರದಲ್ಲಿ! ಅದರ ಎಎಂ-35ಎ ಇಂಜಿನ್ ಮಾಡಿದ್ದೇ ಎತ್ತರಕ್ಕೆ, ನೆಲದ ಹತ್ರ ಬಂದ್ರೆ 500ರ ಆಸುಪಾಸಲ್ಲಿ ಏದುಸಿರು ಬಿಡುತ್ತೆ, ಮೈ ಭಾರ ಬೇರೆ, ಗನ್ ನೋಡಿದ್ರೆ ಒಂದು 12.7 ಮಿಮೀ ಎರಡು 7.62 ಮಿಮೀ ಅಷ್ಟೇ. ಆ ಕಡೆ ಯುದ್ಧ ನಡೀತಿದ್ದಿದ್ದು ಎಲ್ಲಿ? ಟ್ಯಾಂಕು ಕಾಲಾಳುಗಳ ತಲೆ ಮೇಲೆ, ಹೆಚ್ಚಿನ ಹೊಡೆದಾಟವೆಲ್ಲ ಐದು ಕಿಲೋಮೀಟರಿನ ಕೆಳಗೇ.

ಇದೇ ತಪ್ಪು ತಿರುಗುಮುರುಗಾಗಿ ಏರಾಕೋಬ್ರಾದಲ್ಲಿದೆ. ಅಮೆರಿಕ ಲೆಂಡ್-ಲೀಸ್‌ನಲ್ಲಿ (ಮಿತ್ರದೇಶಗಳಿಗೆ ಯುದ್ಧದ ಸಾಮಾನು ಕೊಡೋ ಯೋಜನೆ) ಕೊಟ್ಟ ಪಿ-39 ಫೈಟರ್ ಅದು, 4,700ರ ಹತ್ರ ಹತ್ರ ರಷ್ಯಾ ಸೇರಿದ್ವು. ಎತ್ತರದಲ್ಲಿ ಉಸಿರು ಕಟ್ಟುತ್ತೆ ಅಂತ ಪಶ್ಚಿಮದಲ್ಲಿ ಬೇಡ ಅಂದಿದ್ರು, ರಷ್ಯಾದೋರಿಗೆ ಎತ್ತರ ಬೇಕಾಗೇ ಇರ್ಲಿಲ್ವಲ್ಲ, ಪೊಕ್ರಿಷ್ಕಿನ್ ಅಂಥ ಪೈಲಟ್ ಇದರಲ್ಲೇ ಹಾರಾಡಿ ಹೆಸರು ಮಾಡಿದ. ಮಾಡ್‌ನೋನು ಮೂಗಲ್ಲಿರೋ 37 ಮಿಮೀ ಫಿರಂಗಿ ನೋಡ್ಕೊಂಡು ಅದನ್ನ ಟ್ಯಾಂಕ್ ಹೊಡಿಯೋ ವಿಮಾನ ಮಾಡಿ ಮೂಲೆಗೆ ಹಾಕಿದಾನೆ. ಗೇಮ್‌ನಲ್ಲಿ ಎತ್ತರ ಅನ್ನೋ ಲೆಕ್ಕವೇ ಇಲ್ಲ, ಅದೇ ಎಲ್ಲಾ ರಗಳೆಗೂ ಮೂಲ. ಗೇಮ್‌ನ ಒಳಗಿನ ಸಾಫ್ಟ್‌ವೇರ್ ಬದಲಾಯಿಸಕ್ಕಾಗಲ್ಲ ಸರಿ, ಆದ್ರೆ ನಂಬರ್ ಹಾಕುವಾಗ ಮೂರು ಕಿಲೋಮೀಟರ್ ಎತ್ತರದ ವೇಗ ತಗೊಂಡಿದ್ರೆ ಅರ್ಧ ಸರಿ ಹೋಗ್ತಿತ್ತು.

ಇನ್ನೊಂದು, ಮಿಗ್-3 ತಯಾರಿಕೆ ನಿಂತಿದ್ದೇ ನೆಲದ ಮೇಲಿನ ಸೇನೆ ಮೇಲೆ ದಾಳಿ ಮಾಡೋ ಇಲ್-2 ವಿಮಾನಕ್ಕೋಸ್ಕರ. ಅದರ ಎಎಂ-38 ಇಂಜಿನ್ನಿಗೂ ಮಿಗ್ ಇಂಜಿನ್ನಿಗೂ ಕಾರ್ಖಾನೆ ಒಂದೇ. ಸೇನೆಗೆ ಇಲ್-2 ಗಾಳಿ ಥರ, ರೊಟ್ಟಿ ಥರ ಬೇಕು ಅಂತ 1941ರ ಡಿಸೆಂಬರ್‌ನಲ್ಲಿ ಸ್ಟಾಲಿನ್ ಕಾರ್ಖಾನೆಯೋರಿಗೆ ಟೆಲಿಗ್ರಾಂ ಹೊಡೆದಿದ್ದ, ಮಿಗ್ ಮೂರು ಸಾವಿರ ಚಿಲ್ರೆಗೆ ಮುಗೀತು. ಮಾಡ್‌ನಲ್ಲಿ ಎರಡನ್ನೂ ಆರಾಮಾಗಿ ಕಟ್ಕೋಬೋದು.

ಆದ್ರೆ ಇಲ್-2 ಮಾಡಿರೋ ರೀತಿಗೆ ಕೈ ಮುಗೀಬೇಕು. ಹಿಂದೆ ಗನ್ನರ್ ಕೂರೋ ಮಾಡೆಲ್ 1942ರ ಕೊನೇಲಿ ಸಿಗುತ್ತೆ, ತಗೊಂಡ್ರೆ ವಿಮಾನಗಳು ಕಡಿಮೆ ಬೀಳ್ತವೆ ಆದ್ರೆ ಸಿಬ್ಬಂದಿ ಸಾಯೋದು ಜಾಸ್ತಿ ಆಗುತ್ತೆ! ಮೊದ್ಲು ಬಗ್ ಅನ್ಕೊಂಡೆ, ಆಮೇಲೆ ಹೊಳೀತು, ಇಂಜಿನ್ನು ಪೈಲಟ್ಟು ಉಕ್ಕಿನ ತೊಟ್ಟಿಯೊಳಗೆ, ಪಾಪ ಆ ಗನ್ನರ್ ಕೂರ್ತಿದ್ದಿದ್ದು ತೊಟ್ಟಿಯ ಆಚೆ. ಇದನ್ನ ಯೋಚಿಸಿದ ತಲೆ ಮಿಗ್ ಹತ್ರ ಎಲ್ಲಿ ಹೋಗಿತ್ತು?

ಪೊ-2ನೂ ಚೆನ್ನಾಗಿದೆ. 1941ರಲ್ಲಿ ಅದರ ಹೆಸರು ಯು-2, 1944ರಲ್ಲಿ ಅದರ ವಿನ್ಯಾಸಕ ಪೊಲಿಕಾರ್ಪೊವ್ ತೀರ್ಕೊಂಡ್ಮೇಲೆ ಪೊ-2 ಆಗಿದ್ದು, ಅದೊಂದು ಬಿಡಿ. ನೂರು ಕುದುರೆ ಶಕ್ತಿಯ ಮರ-ಬಟ್ಟೆ ವಿಮಾನ, ಹೆಂಗಸರದ್ದೇ ಆದ 588ನೇ ರಾತ್ರಿ ಬಾಂಬರ್ ರೆಜಿಮೆಂಟ್ ಹಾರಿಸ್ತಿದ್ದಿದ್ದು ಇದನ್ನೇ, ಗುರಿ ಹತ್ರ ಬಂದಾಗ ಇಂಜಿನ್ ಸದ್ದು ತಗ್ಗಿಸಿ ತೇಲ್ಕೊಂಡು ಬಂದು ಬಾಂಬ್ ಹಾಕಿ ಹೋಗೋರು, ಕೆಳಗಿದ್ದೋರಿಗೆ ಕೇಳಿಸ್ತಿದ್ದಿದ್ದು ಬರೀ ರೆಕ್ಕೆ ಸುಯ್ಯನ್ನೋದು. ಮಾಡ್‌ನಲ್ಲಿ ಇದ್ರಿಂದ ಶತ್ರು ಅಷ್ಟಾಗಿ ಸಾಯಲ್ಲ, ನಿದ್ದೆಗೆಟ್ಟು ಸುಸ್ತಾಗ್ತಾನೆ. ಸರಿಯಾದ ಲೆಕ್ಕ.

ಪೆ-8 ಅನ್ನೋ ದೊಡ್ಡ ಬಾಂಬರ್ ಬಗ್ಗೆ ಹೇಳೋಕೂ ನಾಚ್ಕೆ, ನಾನೇ 300 ಕಟ್ಟಿದೀನಿ. ನಿಜದಲ್ಲಿ ಆಗಿದ್ದು ನೂರಕ್ಕೂ ಕಮ್ಮಿ.

ಕೊನೆಗೆ ಫೈಲ್‌ನಲ್ಲಿ ನಾನೇ ಮಿಗ್ ವೇಗ ಇಳಿಸಿ ಕೋಬ್ರಾನ ಫೈಟರ್ ಪಟ್ಟಿಗೆ ಹಾಕ್ಕೊಂಡೆ, ಹತ್ತು ನಿಮಿಷದ ಕೆಲ್ಸ. ಈಗ ಗೇಮ್‌ನಲ್ಲಿ ದಕ್ಷಿಣ ರಷ್ಯಾದ ಕುಬಾನ್‌ನಲ್ಲಿ 1943ರ ಏಪ್ರಿಲ್, ಕೋಬ್ರಾಗಳು ಸಖತ್ತಾಗಿ ಹೊಡೀತಾ ಇವೆ. ನಕ್ಷತ್ರ ಮಾತ್ರ ನಂಗೆ ಎಡಿಟ್ ಮಾಡೋಕೆ ಬರ್ಲಿಲ್ಲ, ಗೇಮ್‌ನಲ್ಲಿ ಈ ವರ್ಷ ಮುಗಿಯೋ ತನಕ ತಡ್ಕೊಂಡ್ರೆ ಅದೂ ತಾನಾಗೇ ಸರಿ ಹೋಗುತ್ತೆ.