12ಯು ಓಪನ್ ರ‍್ಯಾಕ್, ಮೂರು ವರ್ಷ ಬಳಸಿದ ಮೇಲೆ

ಈ ರ‍್ಯಾಕ್ ನನ್ನ ರೂಮಿಗೆ ಬಂದು ಮೂರು ವರ್ಷದ ಮೇಲಾಯ್ತು. ನೆಟ್‌ವರ್ಕಿಂಗ್ ಎಕ್ಸಾಮಿಗೆ ಓದೋಕೆ ಅಂತ ಸ್ವಿಚ್, ರೂಟರ್ ಥರದ ನೆಟ್‌ವರ್ಕ್ ಡಬ್ಬಗಳನ್ನ ಒಂದರ ಮೇಲೊಂದು ಕೂರಿಸೋ ಚೌಕಟ್ಟು ಇದು. ತಗೊಂಡ ವಾರದಲ್ಲೇ ಐದು ಸ್ಟಾರ್ ಕೊಡೋದು ಸುಲಭ ಬಿಡಿ, ಆಗ ಪೇಂಟ್ ಹೊಳೀತಿರುತ್ತೆ, ಸ್ಕ್ರೂ ಎಲ್ಲಾ ಟೈಟಾಗಿರುತ್ತೆ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ಈಗ ಎರಡು ಸಲ ಪೂರ್ತಿ ಬಿಚ್ಚಿ ಜೋಡ್ಸಿ, ಒಂದು ಸಲ ಮನೆ ಬದಲಾಯ್ಸಿ, ಒಂದು ಎಕ್ಸಾಮ್ ಪಾಸಾಗಿ ಇನ್ನೊಂದರಲ್ಲಿ ಡುಮ್ಕಿ ಹೊಡೆದು ಆದ್ಮೇಲೆ ಬರೀತಿದೀನಿ.

ತಗೊಂಡಿದ್ದು 12ಯು (ಯು ಅಂದ್ರೆ ಎತ್ತರದ ಅಳತೆ, ಒಂದು ತೆಳು ಡಬ್ಬ ಕೂರೋಷ್ಟು ಜಾಗ), ನಾಲ್ಕು ಕಂಬದ ಓಪನ್ ಫ್ರೇಮ್, ಬಾಗಿಲಿಲ್ಲ ಪಕ್ಕದ ಶೀಟಿಲ್ಲ, ಆಳ ಹೆಚ್ಚು ಕಮ್ಮಿ ಮಾಡ್ಕೋಬಹುದು, ಕೆಳಗೆ ನಾಲ್ಕು ಚಕ್ರ. ಅದ್ರೊಳಗೆ ಇರೋದು ಸಿಸ್ಕೋ 2960 ಸ್ವಿಚ್ ಎರಡು, ಪಿಓಇ (ನೆಟ್‌ವರ್ಕ್ ಕೇಬಲಲ್ಲೇ ಕರೆಂಟೂ ಕೊಡೋದು) ಇರೋ 3560 ಸ್ವಿಚ್ ಒಂದು, 2811 ರೂಟರ್ ಮೂರು, 1841 ಒಂದು. ಎಲ್ಲಾ ಸೆಕೆಂಡ್ ಹ್ಯಾಂಡ್.

ಇದಕ್ಕೂ ಮುಂಚೆ ಒಂದು ತಪ್ಪು ಮಾಡಿದ್ದೆ, ಅದನ್ನ ಮೊದ್ಲು ಹೇಳ್ಬಿಡ್ತೀನಿ. ನೋಡೋಕೆ ಚೆನ್ನಾಗಿದೆ ಅಂತ ಗಾಜಿನ ಬಾಗಿಲಿರೋ 6ಯು ವಾಲ್ ಮೌಂಟ್ ಡಬ್ಬ ತಂದಿದ್ದೆ. ಆಳ 450 ಮಿಲಿಮೀಟರ್ ಅಂತ ಬರೆದಿತ್ತು. 2811 ಸುಮಾರು 42 ಸೆಂಟಿಮೀಟರ್ ಉದ್ದ, ಸರಿ ಹಿಡಿಯುತ್ತೆ ಅಂತ ಲೆಕ್ಕ ಹಾಕ್ದೆ. ಆದ್ರೆ ಆ 450 ಹೊರಗಿನ ಅಳತೆ! ಮುಂದಿನ ರೈಲು ಬಾಗಿಲಿನಿಂದ ಸ್ವಲ್ಪ ಒಳಗಿರುತ್ತೆ, ಹಿಂದಿನ ಶೀಟಿನ ದಪ್ಪ ಬೇರೆ, ಅದೆಲ್ಲಾ ಕಳೆದ್ರೆ ರೂಟರ್ ಒಳಗೆ ಹೋಗೋದೇ ಇಲ್ಲ. ಹೋದ್ರೂ ಹಿಂದೆ ಕೇಬಲ್ ಬಗ್ಗೋಕೆ ಜಾಗ ಬೇಡ್ವಾ? ರೂಟರಿಂದ ರೂಟರಿಗೆ ಸೀರಿಯಲ್ ಕೇಬಲ್ ಹಾಕೋರಿಗಂತೂ ಗೊತ್ತಿರುತ್ತೆ, ಅದು ಹಾವಿನ ಥರ ಬಗ್ಗಲ್ಲ, ಬೆತ್ತದ ಥರ ನೆಟ್ಟಗೆ ನಿಲ್ಲುತ್ತೆ. ಡಬ್ಬ ವಾಪಸ್ ತಗೊಳ್ಳಲ್ಲ ಅಂದ್ರು, ಅರ್ಧಕ್ಕರ್ಧ ಲಾಸಲ್ಲಿ ಮಾರ್ದೆ. ಅದಕ್ಕೆ ಹೇಳೋದು, ರ‍್ಯಾಕಿನ ಆಳ ಅಂದ್ರೆ ರೈಲಿಂದ ಹಿಂದಿನ ಗೋಡೆವರೆಗೆ ಎಷ್ಟು ಅಂತ ಕೇಳಿ, ನಿಮ್ಮ ಅತಿ ಉದ್ದದ ಡಬ್ಬಕ್ಕೆ ಇನ್ನೊಂದು ಗೇಣು ಸೇರಿಸಿ ನೋಡಿ. 2960 ಬರೀ 23.6 ಸೆಂಟಿಮೀಟರ್, ಸ್ವಿಚ್ ಮಾತ್ರ ಇರೋರಿಗೆ ಈ ತಲೆನೋವೇ ಇಲ್ಲ.

ಇನ್ನು ಓಪನ್ ಫ್ರೇಮ್ ಯಾಕೆ ಅಂತ. ಗಾಳಿ ಆಡುತ್ತೆ ಅನ್ನೋದು ಎಲ್ರೂ ಹೇಳ್ತಾರೆ, ನಿಜಾನೇ, 3560 ಪಕ್ಕದಿಂದ ಗಾಳಿ ಎಳ್ಕೊಂಡು ಹಿಂದಕ್ಕೆ ಬಿಡುತ್ತೆ, ಪಕ್ಕ ಮುಚ್ಚಿದ ಇಕ್ಕಟ್ಟಿನ ಡಬ್ಬದಲ್ಲಿ ಅದೇ ಬಿಸಿಗಾಳಿ ಸುತ್ತಿ ಸುತ್ತಿ ಬರುತ್ತೆ. ಆದ್ರೆ ನನಗೆ ಓಪನ್ ಫ್ರೇಮಿನ ಬೆಲೆ ಗೊತ್ತಾಗಿದ್ದು ಬೇರೆ ಕಡೆ. ಸೆಕೆಂಡ್ ಹ್ಯಾಂಡ್ ಸ್ವಿಚ್ ಅಂದ್ಮೇಲೆ ಹಳೇ ಓನರ್ ಪಾಸ್‌ವರ್ಡ್ ಹಾಗೇ ಇರುತ್ತಲ್ಲ, 2960ಯಲ್ಲಿ ಅದನ್ನ ತೆಗೀಬೇಕು ಅಂದ್ರೆ ಮುಂದಿರೋ ಮೋಡ್ ಬಟನ್ ಒತ್ತಿ ಹಿಡ್ಕೊಂಡೇ ಪವರ್ ಕೊಡಬೇಕು. ಅದಕ್ಕೆ ಪವರ್ ಸ್ವಿಚ್ಚೇ ಇಲ್ಲ, ವೈರ್ ಹಾಕೋದು ಹಿಂದೆ. ಅಂದ್ರೆ ಎಡಗೈ ಹೆಬ್ಬೆರಳು ಮುಂದೆ ಬಟನ್ ಮೇಲೆ, ಬಲಗೈ ಹಿಂದೆ ಪವರ್ ಪಿನ್ ತಡಕಾಡ್ತಾ, ರ‍್ಯಾಕನ್ನ ತಬ್ಕೊಂಡು ನಿಂತಿರೋದು. ಓಪನ್ ಫ್ರೇಮಲ್ಲಿ ಇದು ಒಬ್ಬನ ಕೆಲಸ, ಗೋಡೆಗೆ ಅಂಟಿಸಿದ ಡಬ್ಬದಲ್ಲಾದ್ರೆ ಸ್ವಿಚ್ಚನ್ನೇ ಬಿಚ್ಚಿ ಕೆಳಗಿಡಬೇಕು. ಲ್ಯಾಬ್ ಮಾಡೋರು ತಿಂಗಳಿಗೊಂದು ಸಲ ಆದ್ರೂ ತಮ್ಮ ಪಾಸ್‌ವರ್ಡ್ ತಾವೇ ಮರೀತಾರೆ, ನನ್ನನ್ನೂ ಸೇರಿಸಿ. ಆಫೀಸ್ ರ‍್ಯಾಕ್ ಒಂದ್ಸಲ ಜೋಡಿಸಿದ್ರೆ ವರ್ಷಗಟ್ಟಲೆ ಯಾರೂ ಮುಟ್ಟಲ್ಲ, ಓದೋ ರ‍್ಯಾಕಲ್ಲಿ ದಿನಾ ಕೈ ಆಡ್ತಾನೇ ಇರುತ್ತೆ. ಎರಡೂ ಕಡೆಯಿಂದ ಕೈ ಹೋಗುತ್ತಾ ಅನ್ನೋದೇ ಇಲ್ಲಿ ಮುಖ್ಯ, ಉಳಿದದ್ದೆಲ್ಲಾ ಆಮೇಲೆ.

ಇದೇ ಲೆಕ್ಕದಲ್ಲಿ ಇನ್ನೊಂದು. 2811ರ ಮುಖ ಅಂತ ಕರೆಯೋ ಕಡೆ ಪವರ್, ಕನ್ಸೋಲ್ (ಸೆಟ್ಟಿಂಗ್ ಮಾಡೋಕೆ ಕಂಪ್ಯೂಟರ್ ಜೋಡಿಸೋ ಪೋರ್ಟು), ಆಕ್ಸ್ ಅನ್ನೋ ಇನ್ನೊಂದು ಪೋರ್ಟು ಇರುತ್ತೆ, ಈಥರ್ನೆಟ್ ಪೋರ್ಟು, ಸೀರಿಯಲ್ ಕಾರ್ಡು ಎಲ್ಲಾ ಹಿಂಭಾಗದಲ್ಲಿ. ಸ್ವಿಚ್ಚಲ್ಲಿ ಉಲ್ಟಾ, ಪೋರ್ಟೆಲ್ಲಾ ಮುಂದೆ, ಕನ್ಸೋಲೂ ಪವರೂ ಹಿಂದೆ. ಮೊದಲ ಸಲ ರೂಟರನ್ನ ಮುಖ ಮುಂದೆ ಮಾಡೇ ಕೂರಿಸಿದ್ದೆ, ಆಮೇಲೆ ನೋಡಿದ್ರೆ ಪ್ರತಿಯೊಂದು ಪ್ಯಾಚ್ ಕೇಬಲ್ಲೂ ಹಿಂದಿಂದ ಮುಂದಕ್ಕೆ ಸುತ್ತಿ ಬರ್ತಿದೆ, ಕನ್ಸೋಲ್ ಕೇಬಲ್ ಮುಂದಿಂದ ಹಿಂದಕ್ಕೆ. ಜೇಡರ ಬಲೆ. ಎರಡನೇ ಸಲ ಬಿಚ್ಚಿದಾಗ ರೂಟರ್ ಬ್ರಾಕೆಟನ್ನ ಇನ್ನೊಂದು ತುದಿಗೆ ಹಾಕಿ ಮೂರನ್ನೂ ತಿರುಗಿಸಿ ಕೂರಿಸ್ದೆ. ಈಗ ಈಥರ್ನೆಟ್ ಎಲ್ಲಾ ಮುಂದೆ, ಕನ್ಸೋಲೂ ಪವರೂ ಎಲ್ಲಾ ಹಿಂದೆ. ಒಂದು 2811ಕ್ಕೆ 16 ಪೋರ್ಟಿನ ಅಸಿಂಕ್ ಮಾಡ್ಯೂಲ್ ಹಾಕಿ ಟರ್ಮಿನಲ್ ಸರ್ವರ್, ಅಂದ್ರೆ ಎಲ್ಲಾ ಕನ್ಸೋಲಿಗೂ ಒಂದೇ ಕಡೆಯಿಂದ ಹೋಗೋ ದಾರಿ, ಮಾಡ್ಕೊಂಡಿದೀನಿ, ಅದರಿಂದ ಬರೋ ಆಕ್ಟಲ್ ಕೇಬಲ್, ಅಂದ್ರೆ ಒಂದು ಬುಡ ಎಂಟು ಕವಲು, ಹಿಂದಿನ ಕಂಬಕ್ಕೇ ಕಟ್ಟಿ ಇಳಿಬಿಟ್ಟಿದೀನಿ. (ಆ ಮಾಡ್ಯೂಲ್ ಮಾತ್ರ ಮುಂದೆ ಬಂತು, ಹಾಗಾಗಿ ಅದರ ಕೇಬಲ್ ಒಂದು ಪಕ್ಕದಿಂದ ಹಿಂದಕ್ಕೆ ಹೋಗುತ್ತೆ, ಅದೊಂದಕ್ಕೆ ಪರಿಹಾರ ಸಿಕ್ಕಿಲ್ಲ.) ಕುರ್ಚೀಲಿ ಕೂತ್ಕೊಂಡೇ ಏಳು ಡಿವೈಸಿಗೂ ಕನ್ಸೋಲ್ ಸಿಗುತ್ತೆ. ಇದೊಂದು ಮಾಡ್ದಿದ್ರೆ ರ‍್ಯಾಕ್ ಇದ್ದೂ ಸುಖ ಇಲ್ಲ.

ಕೇಜ್ ನಟ್ ಬಗ್ಗೆ. ಚೌಕ ತೂತಿಗೆ ಈ ನಟ್ಟನ್ನ ಬೆರಳಲ್ಲಿ ಒತ್ತಿ ಹಾಕೋಕೆ ಹೋಗಿ ಉಗುರಿನ ಸಂದಿ ಕಿತ್ಕೊಂಡಿದೀನಿ, ಅದಕ್ಕೆ ಅಂತ ಒಂದು ಕೊಕ್ಕೆ ಟೂಲ್ ಬರುತ್ತೆ, ಇಲ್ಲಾಂದ್ರೆ ಚಪ್ಪಟೆ ಸ್ಕ್ರೂಡ್ರೈವರ್ ಆದ್ರೂ ಹಿಡೀರಿ. ಅದಕ್ಕಿಂತ ಮುಖ್ಯ ತೂತಿನ ಲೆಕ್ಕ. 1ಯು ಅಂದ್ರೆ 44.45 ಮಿಲಿಮೀಟರ್, ಅದ್ರಲ್ಲಿ ಮೂರು ತೂತು. ಆದ್ರೆ ತೂತುಗಳು ಸಮ ದೂರದಲ್ಲಿಲ್ಲ, 15.875, 15.875, ಆಮೇಲೆ 12.7, ಹೀಗೇ ರಿಪೀಟ್ ಆಗುತ್ತೆ. ಹತ್ತಿರ ಇರೋ ಆ ಎರಡು ತೂತಿನ ಮಧ್ಯದಲ್ಲೇ ಒಂದು ಯು ಮುಗ್ದು ಇನ್ನೊಂದು ಶುರುವಾಗೋದು. ಇದು ಗೊತ್ತಿಲ್ದೆ ಮೇಲಿಂದ ಎಣಿಸ್ಕೊಂಡು ಒಂದು ತೂತು ಕೆಳಗೆ ಕೂರಿಸಿದ್ದೆ. ಬ್ರಾಕೆಟ್ ತೂತಿಗೆ ಸ್ಕ್ರೂ ಸ್ವಲ್ಪ ಓರೆಯಾಗೇ ಹೋಯ್ತು, ಇರಲಿ ಅಂತ ಜೋರಾಗಿ ತಿರುಗಿಸ್ದೆ, ಕೆಳಗಿನ ಸ್ವಿಚ್ ಬಂದಾಗ ಜಾಗ ಸಾಲ್ತಿಲ್ಲ. ರ‍್ಯಾಕ್ ತಯಾರಿಸಿದವರನ್ನ ಬೈತಾ ಅರ್ಧ ಗಂಟೆ ಕಳೆದ ಮೇಲೆ ತಪ್ಪು ನಂದೇ ಅಂತ ಗೊತ್ತಾಗಿದ್ದು. ಈಗ ಪ್ರತಿ ಯು ಗಡೀಲಿ ಮಾರ್ಕರಲ್ಲಿ ಗೆರೆ ಎಳೆದು ನಂಬರ್ ಹಾಕಿದೀನಿ. ಕೆಲವು ರ‍್ಯಾಕಲ್ಲಿ ಪ್ರಿಂಟೇ ಆಗಿರುತ್ತೆ, ಇದರಲ್ಲಿಲ್ಲ, ಅದಕ್ಕೆ ಅರ್ಧ ಮಾರ್ಕ್ಸ್ ಕಟ್.

ರ‍್ಯಾಕ್ ಇಯರ್, ಅಂದ್ರೆ ಪಕ್ಕದ ಬ್ರಾಕೆಟ್, ಹಳೇ ಗೇರ್ ಜೊತೆ ಮುಕ್ಕಾಲು ಪಾಲು ಬರಲ್ಲ. ನನಗೆ 2811 ಮಾರಿದವರು ಫೋಟೋದಲ್ಲಿ ಬ್ರಾಕೆಟ್ ತೋರಿಸಿ ಡಬ್ಬದಲ್ಲಿ ಇಡಲೇ ಇಲ್ಲ. ಆಮೇಲೆ ಬೇರೆ ಕಡೆ ಹುಡುಕಿದೆ. ಡೀಲ್ ಮಾಡುವಾಗ್ಲೇ ‘ಕಿವಿ ಇದೆಯಾ’ ಅಂತ ಕೇಳಿ, ಆಮೇಲೆ ಕಿವಿ ಹಿಂಡ್ಕೊಂಡು ಕೂತ್ರೆ ಪ್ರಯೋಜನ ಇಲ್ಲ. 1841 ಕಥೆ ಬೇರೆ, ಅದು ರ‍್ಯಾಕಿಗೆ ಅಂತ ಮಾಡಿದ್ದೇ ಅಲ್ಲ, ಅಗಲ 34.3 ಸೆಂಟಿಮೀಟರ್, ಶೆಲ್ಫ್ ಮೇಲೆ ಇಟ್ಟಿದೀನಿ. ಎತ್ತರ 4.75 ಸೆಂಟಿಮೀಟರ್, 1ಯುಗಿಂತ ಒಂದು ಕೂದಲು ಜಾಸ್ತಿ, ಹಾಗಾಗಿ ಶೆಲ್ಫ್ ಸೇರಿ 2ಯು ನುಂಗಿ ಹಾಕುತ್ತೆ. ಹೀಗೇ ಲೆಕ್ಕ ಏರೋದು ನೋಡಿ, ಆರು ಡಿವೈಸ್ ಆರು ಯು, 1841ಕ್ಕೆ ಎರಡು, ಕೇಬಲ್ ತುದಿಗಳನ್ನ ಒಂದೇ ಕಡೆ ಸೇರಿಸೋ ಪ್ಯಾಚ್ ಪ್ಯಾನೆಲ್ ಒಂದು, ಅಡಿಯಲ್ಲಿ ಯುಪಿಎಸ್ ಎರಡು, 11 ಆಯ್ತು. ಏಳು ಡಿವೈಸಿಗೆ 8ಯು ಸಾಕು ಅಂತಿದ್ದೆ ನಾನು!

ಸದ್ದು. ಇದನ್ನ ಯಾವ ರ‍್ಯಾಕೂ ಸರಿ ಮಾಡಲ್ಲ, ಓಪನ್ ಫ್ರೇಮಂತೂ ಒಂಚೂರೂ ತಡೆಯಲ್ಲ. ಮೊದಲ ದಿನ ಏಳನ್ನೂ ಒಟ್ಟಿಗೆ ಆನ್ ಮಾಡಿದಾಗ ತಮ್ಮ ಬಾಗಿಲಲ್ಲಿ ನಿಂತು “ಏನಣ್ಣಾ, ಮಿಲ್ ಹಾಕಿದ್ಯಾ ಮನೇಲಿ?” ಅಂದ. ಬೂಟ್ ಆಗೋವಾಗ ಫ್ಯಾನ್ ಫುಲ್ ಸ್ಪೀಡ್ ಇರುತ್ತೆ, ಆಮೇಲೆ ಇಳಿಯುತ್ತೆ, ಇಳಿದ ಮೇಲೂ ಅದರ ಪಕ್ಕ ನಿದ್ದೆ ಮಾಡೋ ಮಾತಿಲ್ಲ. ಫ್ರೇಮ್ ಬೇರೆ ತೆಳು ಶೀಟಿಂದು, ಫ್ಯಾನಿನ ನಡುಕಕ್ಕೆ ಝುಂಯ್ ಅಂತಿತ್ತು, ಬ್ರಾಕೆಟ್ ಹಿಂದೆ ರಬ್ಬರ್ ವಾಷರ್ ಹಾಕಿದ ಮೇಲೆ ಆ ಝುಂಯ್ ಹೋಯ್ತು, ಫ್ಯಾನ್ ಸದ್ದು ಹೋಗಿಲ್ಲ. ಎಲ್ಲಾ ಆನ್ ಇದ್ರೆ ನನ್ನ ಮೀಟರಲ್ಲಿ 300 ವಾಟ್ ಆಚೀಚೆ ತೋರಿಸುತ್ತೆ, ದಿನಾ 4 ಗಂಟೆ ಓದಿದ್ರೆ 1.2 ಯೂನಿಟ್. ಅದಕ್ಕೇ ಹಿಂದೆ ಸಾಕೆಟಿಗೊಂದು ಸ್ವಿಚ್ ಇರೋ ಪವರ್ ಸ್ಟ್ರಿಪ್ ಹಾಕಿದೀನಿ, ಆ ದಿನದ ಲ್ಯಾಬಿಗೆ ಬೇಕಾದ್ದು ಮಾತ್ರ ಆನ್.

ಮೂರು ವರ್ಷದಲ್ಲಿ ಕೆಟ್ಟಿದ್ದೇನು ಅಂದ್ರೆ, ಒಂದು ಚಕ್ರದ ಲಾಕ್ ಎರಡನೇ ವರ್ಷಕ್ಕೇ ಹೋಯ್ತು, ಮನೆ ಬದಲಾಯಿಸುವಾಗ ಯುಪಿಎಸ್ ತೆಗೀದೇ ತಳ್ಳಿದ್ದು ನನ್ನ ತಪ್ಪೂ ಇರಬಹುದು. ಆಳ ಅಡ್ಜಸ್ಟ್ ಮಾಡೋ ಪಟ್ಟಿಯ ಎರಡು ಎಮ್6 ಬೋಲ್ಟಿನ ಥ್ರೆಡ್ ಸವೆದಿದೆ, ಅಲ್ಲಿಗೆ ಹಿಂದಿಂದ ನಟ್ ಹಾಕಿ ಬಿಗಿ ಮಾಡಿದೀನಿ. ಪೇಂಟ್ ದಪ್ಪ ಇರೋದ್ರಿಂದ ಅರ್ಥಿಂಗ್ ಸರಿಯಾಗಿ ತಾಗ್ತಿರ್ಲಿಲ್ಲ, ಒಂದು ಕಡೆ ಪೇಂಟ್ ಕೆರೆದು ವೈರ್ ಕಟ್ಟಬೇಕಾಯ್ತು. ಜೊತೆಗೆ ಬಂದ ಮ್ಯಾನ್ಯುಯಲ್ ಒಂದೇ ಹಾಳೆ, ಅದರಲ್ಲಿ ಚಿತ್ರದ ಕಂಬಕ್ಕೂ ಡಬ್ಬದ ಕಂಬಕ್ಕೂ ಸಂಬಂಧ ಇಲ್ಲ. ಇಷ್ಟು ಬಿಟ್ರೆ ಕಂಬ ಒಂಚೂರೂ ಬಾಗಿಲ್ಲ, ಈಗ್ಲೂ ಲೆವೆಲ್ ಇಟ್ರೆ ಗುಳ್ಳೆ ಮಧ್ಯಕ್ಕೇ ನಿಲ್ಲುತ್ತೆ.

ಎರಡು ಕಂಬದ ರಿಲೇ ರ‍್ಯಾಕ್ ಸಾಕಾಗಲ್ವಾ ಅಂತ ಕೇಳ್ತಾರೆ. ಸ್ವಿಚ್ಚಿಗೆ ಆರಾಮಾಗಿ ಸಾಕು, ಆದ್ರೆ ನೆಲಕ್ಕೆ ಬೋಲ್ಟ್ ಹಾಕಬೇಕು, ಬಾಡಿಗೆ ಮನೇಲಿ ಅದು ಆಗೋ ಮಾತಲ್ಲ, ಆರೂವರೆ ಕೇಜಿ ಹತ್ರ ಇರೋ ರೂಟರ್ ಮೂರು ಮುಂದಿನ ಕಿವೀಲೇ ನೇತಾಡೋದೂ ನನಗೆ ಇಷ್ಟ ಆಗಲ್ಲ. ಇಕಿಯಾದ ಲ್ಯಾಕ್ ಟೇಬಲ್ಲನ್ನೇ ರ‍್ಯಾಕ್ ಮಾಡ್ಕೊಳ್ಳೋರಿದ್ದಾರೆ, ಲ್ಯಾಕ್‌ರ‍್ಯಾಕ್ ಅಂತಾನೇ ಹೆಸರು. 55 ಸೆಂಟಿಮೀಟರ್ ಟೇಬಲ್, ಐದೈದರ ಕಾಲು, ಮಧ್ಯೆ 45 ಉಳಿಯುತ್ತೆ, ಸ್ವಿಚ್ ಅಗಲ 44.5, ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಎರಡು ಸ್ವಿಚ್ ಇರೋರಿಗೆ ಇದು ಬುದ್ಧಿವಂತಿಕೆ. ಗೇರಿಗಿಂತ ರ‍್ಯಾಕ್ ಖರ್ಚೇ ಜಾಸ್ತಿ ಆದ್ರೆ ಮೂಗಿಗಿಂತ ಮೂಗುತಿ ಭಾರ.

ಕಂಪ್ಯೂಟರಲ್ಲೇ ನೆಟ್‌ವರ್ಕ್ ಕಟ್ಟಿ ಕಲಿಯೋ ಪ್ಯಾಕೆಟ್ ಟ್ರೇಸರ್, ಜಿಎನ್ಎಸ್3 ಥರದ ಸಾಫ್ಟ್‌ವೇರ್ ಇರುವಾಗ ಇದೆಲ್ಲಾ ಯಾಕೆ ಅಂದ್ರೆ, ನಿಜ ಹೇಳ್ಬೇಕಂದ್ರೆ ಸಿಸಿಎನ್ಎ, ಅಂದ್ರೆ ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್, ಪಾಸಾಗೋಕೆ ಇದು ಬೇಡ. 2020ರ ಫೆಬ್ರವರಿಯಲ್ಲಿ 200-301 ಅನ್ನೋ ಅದರ ಹೊಸ ಎಕ್ಸಾಮ್ ಬಂದ್ಮೇಲೆ ಅದ್ರಲ್ಲಿ ಆಟೊಮೇಷನ್, ವೈರ್‌ಲೆಸ್ ಎಲ್ಲಾ ಸೇರಿದೆ, ನನ್ನ 2811 ಐಓಎಸ್ (ಸಿಸ್ಕೋ ಡಬ್ಬಗಳ ಸಾಫ್ಟ್‌ವೇರ್) 15.1ರಲ್ಲೇ ನಿಂತಿದೆ, ಅದು ಆ ಕಡೆ ತಿರುಗಿಯೂ ನೋಡಲ್ಲ. ಆದ್ರೆ ಕೇಬಲ್ ತಪ್ಪು ಪೋರ್ಟಿಗೆ ಹೋಗಿ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಲ್ಲಿ ಲೂಪ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಪೋರ್ಟ್ ಬ್ಲಾಕ್ ಮಾಡಿ ಕಿತ್ತಳೆ ಲೈಟ್ ಹತ್ತೋದನ್ನ ಕಣ್ಣಾರೆ ನೋಡಿದ್ದು, ಸೀರಿಯಲ್ ಕೇಬಲ್ಲಿನ ಡಿಸಿಇ ತುದಿ, ಅಂದ್ರೆ ಕ್ಲಾಕ್ ಕೊಡೋ ಕಡೆ, ಯಾವುದು ಅಂತ ಕೇಬಲ್ ತಿರುಗಿಸಿ ಲೇಬಲ್ ಓದಿದ್ದು, ಅದು ನನ್ನ ತಲೇಲಿ ಉಳಿದ ಹಾಗೆ ಸ್ಕ್ರೀನ್ ಮೇಲಿನ ಗೆರೆ ಉಳೀಲಿಲ್ಲ. ಹಳೇ ಗೇರ್ ಹೆಚ್ಚು ಕಮ್ಮಿ ಗುಜರಿ ಲೆಕ್ಕದಲ್ಲಿ ಸಿಕ್ರೆ ಮಾತ್ರ ಈ ದಾರಿ ಹಿಡೀರಿ.

ಖಾಲಿ ಇರೋ ಆ ಒಂದು ಯುಗೆ ಬ್ಲಾಂಕ್ ಪ್ಲೇಟ್ ಹಾಕಿದೀನಿ. ಚಕ್ರ ಇನ್ನೂ ಬದಲಾಯಿಸಿಲ್ಲ, ಮರದ ತುಂಡು ಅಡ್ಡ ಕೊಟ್ಟಿದೀನಿ. ತಮ್ಮ ಈ ವರ್ಷದಿಂದ ಓದೋಕೆ ಶುರು ಮಾಡಿದಾನೆ, ರಾತ್ರಿ ಊಟ ಆದ್ಮೇಲೆ ಅವನೇ ಹೋಗಿ ಆನ್ ಮಾಡೋದು, ಮಿಲ್ಲಿನ ಸುದ್ದಿ ಈಗ ಎತ್ತಲ್ಲ.